ಕವರು ಹೊಲಿದವಳು ನಾನೇ

ಬ್ಲೌಸ್ ಪೀಸು ಕತ್ತರಿಸುತ್ತಿದ್ದ ನಮ್ಮ ಯಜಮಾನರ ಕೈಯಿಂದ ಕತ್ತರಿ ಜಾರಿತು. ಎತ್ತಿಕೊಂಡರು. ಮತ್ತೆ ಜಾರಿತು. "ಏನ್ರಿ, ನಿದ್ದೆಗೆಟ್ಟೀರೇನು?" ಎಂದೆ. ಉತ್ತರ ಕೊಡಲು ಬಾಯಿ ತೆರೆದರು. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು.

ಸ್ಟ್ರೋಕ್.

ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಕಾರಿನಲ್ಲಿ ಕರೆದೊಯ್ದೆವು. ಸ್ಕ್ಯಾನ್ ಆಯಿತು, ಹದಿನಾರು ದಿನ ವಾರ್ಡಿನಲ್ಲಿ ಕಳೆದವು. ಜೀವ ಉಳಿಯಿತು, ಬಲಗೈ ಮಾತ್ರ ಮಲಗಿಬಿಟ್ಟಿತು. ಟೈಲರಿಗೆ ಬಲಗೈ ಇಲ್ಲವೆಂದರೆ ಇನ್ನೇನು ಉಳಿಯಿತು ಹೇಳಿ. ಫಿಸಿಯೋಥೆರಪಿ ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, "ದಿನಾ ಒತ್ತಿಸ್ರಿ, ಬೆರಳು ಒಂಚೂರು ಆಡಿದ್ರೂ ಸಾಕು" ಎಂದರು.

ಎರಡು ತಿಂಗಳು ಒತ್ತಿಸಿದೆ. ಎಣ್ಣೆ ತಿಕ್ಕಿದೆ, ಬೈದೆ, ಅತ್ತೆ, ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಅವರು ಚೆಂಡನ್ನು ನೋಡಿ ಮುಖ ತಿರುಗಿಸುತ್ತಿದ್ದರು. ಒಂದು ಬೆರಳೂ ಅಲುಗಲಿಲ್ಲ.

ಆಮೇಲೆ ಸುಮಾ ಬಂದಳು. ಇವರ ತಂಗಿ, ಚಿತ್ರದುರ್ಗದವಳು. ಅವಳ ಗಂಡ ಮದ್ರಾಸಿನಿಂದ ತಂದಿದ್ದ, ಯಾವ ಟೀವಿಗಾದರೂ ಆಗುವ ರಿಮೋಟನ್ನು ಅಣ್ಣನಿಗೆಂದು ತಂದಿದ್ದಳು. ಒತ್ತಿದರೆ ಗುಂಡಿಗಳ ಒಳಗೆ ನೀಲಿ ಬೆಳಕು ಹತ್ತುತ್ತಿತ್ತು. ಸೆಲ್ ಹಾಕುವ ಗೋಜಿಲ್ಲ, ಫೋನಿನ ಹಾಗೆ ಚಾರ್ಜು. ಪುಟ್ಟ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಆಯಿತು.

"ಅತ್ತಿಗೆ, ಇದರ ಬುಡದಾಗೆ ಎರಡು ತಾಮ್ರದ ಚುಕ್ಕಿ ಅವೆ ನೋಡು. ಅವು ಸ್ಟ್ಯಾಂಡಿಗೆ ತಾಕಬೇಕು. ಕೆಂಪು ಲೈಟ್ ಬಂದ್ರೆ ಚಾರ್ಜ್ ಆಗ್ತೈತೆ ಅಂತ" ಎಂದಳು. ರಿಮೋಟನ್ನು ಅಣ್ಣನ ಬಲಗೈಯಲ್ಲಿಟ್ಟು, "ಒತ್ತಣ್ಣ, ಲೈಟ್ ಬರ್ತೈತೆ" ಎಂದಳು.

ಹೆಬ್ಬೆರಳು ಆಡಿತು.

ಎಲ್ಲರೂ ಅತ್ತರು. ನಾನೂ ಅತ್ತೆ. ಆದರೆ ನನ್ನ ಅಳುವಿನಲ್ಲಿ ಅರ್ಧ ಹೊಟ್ಟೆಕಿಚ್ಚೇ ಇತ್ತು, ಸುಳ್ಳು ಯಾಕೆ ಹೇಳಲಿ. ಎರಡು ತಿಂಗಳು ಮಲಮೂತ್ರ ಬಳಿದವಳು ನಾನು. ಹತ್ತು ನಿಮಿಷಕ್ಕೆ ಬಂದು ಹೆಬ್ಬೆರಳು ಆಡಿಸಿ ಹೋದವಳು ಅವಳು! ಬಂದವರ ಮುಂದೆಲ್ಲ ಇವರು, "ನನ್ನ ತಂಗಿ ತಂದಿದ್ದು" ಎಂದು ತೊದಲುತ್ತಾ ಬೆಳಕು ಹತ್ತಿಸಿ ತೋರಿಸುವರು. ನಾನು ಗಂಜಿ ಬಟ್ಟಲು ಹಿಡಿದು ನಿಂತಿರುತ್ತಿದ್ದೆ.

ನಮ್ಮ ಬೀದಿಯಲ್ಲಿ ರಿಮೋಟನ್ನು ಬರಿಮೈಯಲ್ಲಿ ಬಿಡುವವರಿಲ್ಲ. ಬಂದ ದಿನವೇ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ನಾನು ಟೈಲರ್ ಹೆಂಡತಿ, ಅಳತೆ ತೆಗೆದು ದಪ್ಪ ಪ್ಲಾಸ್ಟಿಕ್ಕಿನ ಕವರು ಹೊಲಿದೆ. ಗಂಜಿ ಚೆಲ್ಲಿ ಹಾಳಾಗದಿರಲಿ ಎಂದೇ ಹೊಲಿದದ್ದು, ದೇವರಾಣೆ.

ನಾಲ್ಕು ದಿನಕ್ಕೆ ಬೆಳಕು ಮಂಕಾಯಿತು. ಐದನೆಯ ದಿನ ಒತ್ತಿದರೆ ಏನೂ ಇಲ್ಲ. ಅವರು ರಿಮೋಟನ್ನು ನೋಡಲಿಲ್ಲ, ತಮ್ಮ ಹೆಬ್ಬೆರಳನ್ನು ನೋಡಿಕೊಂಡರು.

"ಲೇ, ಬೆರಳು ಮತ್ತೆ ಸತ್ತೋತು" ಎಂದರು.

ಇನ್ನೊಂದು ಸ್ಟ್ರೋಕೇ? ಆದರೆ ಸಂಜೆ ಟೀವಿ ಒರೆಸುವಾಗ ಕಣ್ಣಿಗೆ ಬಿತ್ತು. ರಿಮೋಟು ಸ್ಟ್ಯಾಂಡಿನಲ್ಲಿದೆ, ಕೆಂಪು ಲೈಟ್ ಇಲ್ಲ. ಕವರು ಬಿಚ್ಚಿ ಇಟ್ಟೆ. ಲೈಟ್ ಬಂತು. ಬುಡದ ಚುಕ್ಕಿಗಳನ್ನು ನಾನೇ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಹೊಲಿದುಬಿಟ್ಟಿದ್ದೆ.

ಬಿಚ್ಚಿದ ಕವರನ್ನು ಮತ್ತೆ ತೊಡಿಸಿದೆ.

ಯಾಕೆಂದು ಕೇಳಬೇಡಿ. ಮೂರು ದಿನ ಅವರು ಎಲ್ಲದಕ್ಕೂ ನನ್ನನ್ನೇ ಕರೆದರು. "ಲೇ, ಈ ಚಾನೆಲ್ ಬ್ಯಾಡ." "ಲೇ, ಸೌಂಡ್ ಇಳಿಸು." ನಾನು ಎದ್ದೆದ್ದು ಹೋಗಿ ಟೀವಿಯ ಗುಂಡಿ ಒತ್ತಿದೆ. ಸುಮಾಳ ಹೆಸರು ಮನೆಯಲ್ಲಿ ಕೇಳಲಿಲ್ಲ. ನನಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಥೂ, ಎಂಥ ಹೆಂಗಸು ನಾನು!

ನಾಲ್ಕನೆಯ ದಿನ ಚಿತ್ರದುರ್ಗದಲ್ಲಿ ಚೆಕಪ್. "ಏನ್ರಿ ಯಜಮಾನ್ರೆ, ಹೆಬ್ಬೆರಳು ಆಡ್ತಿತ್ತು ಅಂತ ಫೋನ್ ಮಾಡಿದ್ರಲ್ಲ, ತೋರಿಸ್ರಿ" ಎಂದರು ಡಾಕ್ಟರು. ಇವರು ಎಡಗೈಯಿಂದ ಬಲಗೈಯನ್ನು ಎಳೆದು ಟವೆಲ್ಲಿನ ಕೆಳಗೆ ಸೇರಿಸಿಕೊಂಡರು.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಪ್ರಯತ್ನಾನೇ ಬಿಟ್ರೆ ಈಗ ಬಂದಿರೋದೂ ಹೋಗುತ್ತೆ ಕಣಮ್ಮ."

ದಾರಿಯುದ್ದಕ್ಕೂ ನಾನು ಕಿಟಕಿಯಾಚೆ ನೋಡಿದೆ, ಏನೂ ಕಾಣಿಸಲಿಲ್ಲ. ಮನೆಗೆ ಬಂದವಳೇ ಕವರನ್ನು ಕತ್ತರಿಸಿ ಒಲೆಗೆ ಹಾಕಿದೆ. ರಿಮೋಟು ಚಾರ್ಜಾದ ಮೇಲೆ ಅವರ ಬಲಗೈಯಲ್ಲಿಟ್ಟೆ.

"ನಿಮ್ಮ ಬೆರಳಿಗೆ ಏನೂ ಆಗಿಲ್ಲ ಕಣ್ರಿ. ಚಾರ್ಜ್ ಮುಗಿದಿತ್ತು. ನಂಗೆ ಗೊತ್ತಿದ್ದೂ ಮೂರು ದಿನ ಹೇಳ್ಲಿಲ್ಲ."

"ಯಾಕೆ?"

"ಹೊಟ್ಟೆಕಿಚ್ಚು."

ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಎರಡು ದಿನ ರಿಮೋಟು ಇಟ್ಟಲ್ಲೇ ಇತ್ತು. ನಾನೇ ಅವರ ಕೈ ಕೊಂದೆನೇ ಎಂದು ಅನ್ನ ಇಳಿಯಲಿಲ್ಲ.

ಮೂರನೆಯ ಸಂಜೆ ಧಾರಾವಾಹಿ ಹಾಕಿಕೊಂಡು ಕುಳಿತಿದ್ದೆ, ಸುಮ್ಮನೆ ಸದ್ದಿಗೆ. ಅತ್ತೆ ಸೊಸೆಯ ಕೆನ್ನೆಗೆ ಹೊಡೆಯಲು ಕೈ ಎತ್ತಿದಳು. ಟೀವಿ ಆರಿಹೋಯಿತು.

ಕರೆಂಟ್ ಹೋಯಿತೆಂದುಕೊಂಡೆ. ಫ್ಯಾನು ತಿರುಗುತ್ತಲೇ ಇತ್ತು. ಎದ್ದು ಹೋಗಿ ಟೀವಿ ಹಾಕಿದೆ. ಮತ್ತೆ ಆರಿತು.

ಹಿಂದಿರುಗಿ ನೋಡಿದೆ. ದಿಂಬಿಗೆ ಒರಗಿದ್ದರು. ಬಲಗೈಯಲ್ಲಿ ರಿಮೋಟು. ಹೆಬ್ಬೆರಳು ಗುಂಡಿಯ ಮೇಲೆ ನಡುಗುತ್ತಿತ್ತು. ಬಾಯಿಯ ಸರಿಯಿರುವ ಅರ್ಧ ಮೇಲಕ್ಕೆ ಏರಿತು.

"ಉರ್ಕೋ ಈಗ" ಎಂದರು.

ನಾನು ಮತ್ತೆ ಹಾಕಿದೆ. ಅವರು ಮತ್ತೆ ಆರಿಸಿದರು. ಊಟದ ಹೊತ್ತು ಮೀರುವವರೆಗೂ ನಾನು ಹಾಕುತ್ತಲೇ ಇದ್ದೆ.