ಬ್ಯಾಂಕಿಲ್ಲದ ಮ್ಯಾನೇಜರ್

ಎದುರಿಗಿದ್ದವರು ಪರ್ಸ್ ತೆರೆದರೆ ಸುವರ್ಣರು ಮುಖ ತಿರುಗಿಸುತ್ತಿದ್ದರು. ಬಸ್ಸಿನಲ್ಲಿ ಪಕ್ಕದವರು ಟಿಕೆಟಿಗೆ ಹಣ ತೆಗೆಯುವಾಗ ಅವರ ಕಣ್ಣು ಕಿಟಕಿಯ ಹೊರಗೆ ಇರುತ್ತಿತ್ತು. ಹೋಟೆಲಿನ ಕೌಂಟರಿನಲ್ಲಿ ಮುಂದಿನವರು ಬಿಲ್ಲಿನ ಹಣ ಕೊಡುವಾಗ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದರು, ಅದು ಹಿಂದಿನ ತಿಂಗಳದ್ದಾದರೂ ಸರಿ. ಒಮ್ಮೆ ಮೀನು ಮಾರ್ಕೆಟಿನಲ್ಲಿ ಮೀನಿನ ಹೆಂಗಸು ಚಿಲ್ಲರೆಗಾಗಿ ಸೊಂಟದ ಚೀಲ ಬಿಚ್ಚಿದಾಗ ಸುವರ್ಣರು ತಲೆ ಮೇಲಿನ ಮಾಡು ನೋಡುತ್ತ ನಿಂತುಬಿಟ್ಟರು.

"ಮೇಲೆ ಎಂತ ನೋಡುವುದು ಮ್ಯಾನೇಜರ್ರೆ? ಬಂಗುಡೆ ಕೆಳಗುಂಟು!" ಎಂದು ಆಕೆ ಕೂಗಿದಳು. ಸುತ್ತಲಿನವರು ನಕ್ಕರು. ಸುವರ್ಣರೂ ನಕ್ಕರು. ಆದರೆ ಆಕೆ ಚೀಲ ಕಟ್ಟುವವರೆಗೆ ಕಣ್ಣು ಕೆಳಗಿಳಿಸಲಿಲ್ಲ.

ಕಾರಣ ಕೇಳಿದಾಗ ನನಗೆ ಸಿಕ್ಕ ಉತ್ತರ ಇಷ್ಟು: "ಸರ್ವಿಸಿನಲ್ಲಿ ಇದ್ದಷ್ಟು ಕಾಲ ಬೇರೆಯವರ ಪರ್ಸ್ ನೋಡಿದ್ದೇ ಕೆಲಸ. ನನಗೆ ರಿಟೈರ್‌ಮೆಂಟ್ ಆಯ್ತು, ಕಣ್ಣಿಗೆ ಬೇಡವಾ ಮಾರಾಯ್ರೆ?"

ಸುವರ್ಣರು ಒಂದು ಬ್ಯಾಂಕಿನ ನಿವೃತ್ತ ಮ್ಯಾನೇಜರ್. ಕಾಪು ಕಡೆಯ ಶಾಖೆಯೊಂದರಲ್ಲಿ ಬಹುಕಾಲ ಇದ್ದವರು. ನಿವೃತ್ತಿಯ ನಂತರ ಉಡುಪಿ ಪಕ್ಕದ ಅಂಬಲಪಾಡಿಯಲ್ಲಿ ಹೆಂಡತಿ ಶಾರದಕ್ಕನ ಜೊತೆ ವಾಸ. ಅವರ ಮಾತು ಬಹುಪಾಲು ತುಳುವಿನಲ್ಲಿ. ಇಲ್ಲಿ ಅದನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ. ಸ್ವಲ್ಪ ರುಚಿ ಕಡಿಮೆಯಾಗಿರಬಹುದು, ಅರ್ಥ ಬದಲಾಗಿಲ್ಲ.

ಅವರು ನನಗೆ ಪರಿಚಯವಾದದ್ದು ಒಂದು ದೂರಿನಿಂದ. ನಮ್ಮ ಪತ್ರಿಕೆಯ ಉಡುಪಿ ಕಚೇರಿಗೆ ಫೋನ್ ಮಾಡಿದವರೊಬ್ಬರು ಹೆಸರು ಹೇಳದೆ, "ಅಂಬಲಪಾಡಿಯಲ್ಲಿ ರಿಟೈರ್ಡ್ ಮ್ಯಾನೇಜರ್ ಒಬ್ಬರು ಹೆಂಗಸರನ್ನು ಕೂಡಿಸಿ ಕ್ರಿಪ್ಟೊ ದಂಧೆ ಮಾಡ್ತಾರೆ. ನೀವು ಪೇಪರಿನವರು ಎಂತ ಮಾಡ್ತೀರಿ?" ಎಂದು ಕೇಳಿದರು. ಹಣ ದುಪ್ಪಟ್ಟು ಮಾಡಿಕೊಡುತ್ತೇನೆಂದು ಹೇಳಿ ಊರು ಬಿಟ್ಟವರ ಸುದ್ದಿ ನಾನು ಬೇಕಾದಷ್ಟು ಬರೆದಿದ್ದೆ. ಇದೂ ಅಂಥದ್ದೇ ಇರಬೇಕು ಎಂದುಕೊಂಡು ಹೋದೆ.

ಸುವರ್ಣರ ಮನೆಯ ಜಗಲಿಯಲ್ಲಿ ಏಳೆಂಟು ಪ್ಲಾಸ್ಟಿಕ್ ಕುರ್ಚಿಗಳು. ಹೆಚ್ಚಿನವರು ಹೆಂಗಸರು. ಗಂಡಸರಲ್ಲಿ ಒಬ್ಬರು ಮಣಿಪಾಲದಲ್ಲಿ ಕಂಪ್ಯೂಟರ್ ಕಲಿಸುವ ಕಿಣಿ ಮೇಷ್ಟ್ರು. ಸುವರ್ಣರಿಗೆ ಈ ವಿದ್ಯೆ ಹೇಳಿಕೊಟ್ಟವರು ಅವರೇ. ಇನ್ನೊಬ್ಬರು ಕಾರ್ಕಳದಿಂದ ಬಂದಿದ್ದ ಒಬ್ಬ ಕಂಟ್ರಾಕ್ಟರ್.

"ಡಬಲ್ ಆಗ್ಲಿಕ್ಕೆ ಎಷ್ಟು ಸಮಯ ಬೇಕು?" ಎಂದು ಕಂಟ್ರಾಕ್ಟರ್ ಕೇಳುತ್ತಿದ್ದರು.

"ಆಗುವುದಿಲ್ಲ. ಅರ್ಧ ಆದರೂ ಆಗ್ಬಹುದು," ಎಂದರು ಸುವರ್ಣರು. ಆಮೇಲೆ ಒಳಗೆ ತಿರುಗಿ, "ಶಾರದಾ, ಇವರಿಗೆ ಒಂದು ಚಹಾ."

ಆ ಮನೆಯಲ್ಲಿ ಆ ಚಹಾಕ್ಕೆ ಬೀಳ್ಕೊಡುಗೆ ಎಂದು ಅರ್ಥ. ಕಂಟ್ರಾಕ್ಟರ್ ಅದನ್ನು ಕುಡಿದು ಹೋದರು.

ಕಿಟಕಿಯ ದಂಡೆಯಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದು ಹಸಿರು ದೀಪ ಮಿನುಗಿಸುತ್ತ ಕುಳಿತಿತ್ತು. ಅದೇನೆಂದು ಕೇಳಿದೆ. "ಲೋಕದ ಲೆಕ್ಕದ ಒಂದು ಪ್ರತಿ," ಎಂದರು. "ಇಂಥ ಪೆಟ್ಟಿಗೆ ಎಲ್ಲ ದೇಶದಲ್ಲಿ ಉಂಟು. ಬ್ಯಾಂಕಿಗೆ ಹೆಡ್ ಆಫೀಸ್ ಇರ್ತದೆ, ಇದಕ್ಕೆ ಇಲ್ಲ. ಎಲ್ಲವೂ ಬ್ರಾಂಚೇ. ಮತ್ತೆ, ನಾವು ಇಟ್ಟುಕೊಂಡದ್ದು ಗುಟ್ಟಿನ ನಾಣ್ಯ. ಲೆಕ್ಕ ಸರಿ ಉಂಟಾ ಅಂತ ಯಾರೂ ನೋಡ್ಬಹುದು. ಯಾರು ಯಾರಿಗೆ ಎಷ್ಟು ಕೊಟ್ಟರು ಅಂತ ಯಾರಿಗೂ ಕಾಣುವುದಿಲ್ಲ."

"ಹಾಗಾದರೆ ತೆರಿಗೆಯವರಿಗೂ ಕಾಣುವುದಿಲ್ಲ," ಎಂದೆ.

"ಕಾಣುವುದಿಲ್ಲ. ಅದಕ್ಕೇ ನಾವೇ ಹೋಗಿ ತೋರಿಸುವುದು." ಬನ್ನಂಜೆಯ ಆಡಿಟರ್ ಒಬ್ಬರ ಮೂಲಕ ಎಲ್ಲರ ತೆರಿಗೆ ಕಟ್ಟಿಸಿದ ಕಾಗದಗಳನ್ನು ತಂದು ನನ್ನ ಮುಂದಿಟ್ಟರು. ಮೊತ್ತ ಇದ್ದ ಕಡೆ ಮಾತ್ರ ಹೆಬ್ಬೆರಳು ಒತ್ತಿ ಹಿಡಿದಿದ್ದರು. "ಸರ್ಕಾರಕ್ಕೆ ಹೇಳಿ. ಸಂಸಾರಕ್ಕೆ ಎಲ್ಲವನ್ನೂ ಹೇಳ್ಬೇಕು ಅಂತ ಇಲ್ಲ."

ಅವರು ಯಾರ ಹಣವನ್ನೂ ಮುಟ್ಟುತ್ತಿರಲಿಲ್ಲ, ಶುಲ್ಕವನ್ನೂ ಪಡೆಯುತ್ತಿರಲಿಲ್ಲ. ದೂರುದಾರರೂ ಮತ್ತೆ ಸಿಗಲಿಲ್ಲ. ನಾನು ಸುದ್ದಿ ಬರೆಯಲಿಲ್ಲ. ಆದರೆ ಕುತೂಹಲ ಉಳಿಯಿತು. ಪೆನ್ಷನ್ ಬ್ಯಾಂಕಿಗೇ ಬರುವ ಮನುಷ್ಯನಿಗೆ ಬ್ಯಾಂಕಿಲ್ಲದ ಹಣದ ಹುಚ್ಚು ಯಾಕೆ? ಉತ್ತರ ಸಿಕ್ಕಿದ್ದು ಜಲಜಕ್ಕನ ಕಥೆಯಲ್ಲಿ.

ಆ ಜಗಲಿಗೆ ಬರುತ್ತಿದ್ದ ಜಲಜಕ್ಕ ಕಾಪು ಕಡೆಯವರು. ಮನೆ ಹಿತ್ತಿಲಲ್ಲಿ ಮಲ್ಲಿಗೆ ಬೆಳೆದು, ಬೆಳಿಗ್ಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಮಾರುವವರು. ನಮ್ಮ ಕಡೆ ಮಲ್ಲಿಗೆ ದುಡ್ಡು ಹೆಂಗಸರದ್ದು. ಹೂವಿನ ವ್ಯಾಪಾರಿ ಅಂಗಳಕ್ಕೆ ಬಂದು ನೋಟು ಕೈಗೆ ಕೊಡುವ ಕಾಲದಲ್ಲಿ ಅದರ ಲೆಕ್ಕವನ್ನು ಗಂಡಂದಿರು ಕೇಳುತ್ತಿರಲಿಲ್ಲ. ಕೇಳುವುದು ಮರ್ಯಾದೆಯಲ್ಲ ಎಂಬುದು ರೂಢಿ. ಆಮೇಲೆ ಹಣ ಬ್ಯಾಂಕಿಗೆ ಬರತೊಡಗಿತು. ಹಣ ಬಂದಾಗೆಲ್ಲ ಗಂಡನ ಫೋನು ಟಿಂಗ್ ಎನ್ನತೊಡಗಿತು.

"ಹೆಂಗಸರಿಗೆ ಅಕೌಂಟ್ ಮಾಡಿಸ್ಲಿಕ್ಕೆ ಮನೆ ಮನೆಗೆ ಹೋದವ ನಾನೇ," ಎಂದು ಸುವರ್ಣರು ಒಮ್ಮೆ ಹೇಳಿದರು. "ಅವರತ್ರ ಫೋನ್ ಇರ್ಲಿಲ್ಲ. ಫಾರಂನಲ್ಲಿ ನಂಬರ್ ಬೇಕಲ್ಲ, ಗಂಡಂದು ಹಾಕಿದೆವು. ಎಲ್ಲರೂ ಹಾಗೇ ಮಾಡಿದ್ದು. ದೊಡ್ಡ ಉಪಕಾರ ಅಂತ ಗ್ರಹಿಸಿದ್ದೆ."

"ಈಗ ನಂಬರ್ ಬದಲಾಯಿಸಿದರೆ ಮುಗಿಯಿತಲ್ಲ?" ಎಂದು ಕೇಳಿದೆ.

"ಬದಲಾಯಿಸ್ಬಹುದು. ಆದರೆ ಬದಲಾಯಿಸಿದ್ದೇವೆ ಅಂತ ಹಳೆ ನಂಬರಿಗೆ ಮೆಸೇಜ್ ಹೋಗ್ತದಲ್ಲ!"

ಜಲಜಕ್ಕನ ಗಂಡ ಕೆಟ್ಟವರಲ್ಲ. ಟೆಂಪೊ ಓಡಿಸುತ್ತಿದ್ದರು. ಟೆಂಪೊಗೆ ಯಾವಾಗಲೂ ಏನಾದರೊಂದು ಬೇಕಾಗುತ್ತಿತ್ತು. ಟಿಂಗ್ ಎಂದ ಸಂಜೆಯೇ ಮಲ್ಲಿಗೆಯ ಹಣ ಟಯರ್ ಆಗುತ್ತಿತ್ತು, ಇಲ್ಲವೇ ಬ್ರೇಕ್ ಆಗುತ್ತಿತ್ತು. ಜಲಜಕ್ಕನಿಗೆ ಬೇಕಾದದ್ದು ಒಂದೇ: ಕಿವಿಗೆ ಮಿಷನ್. ಕೆಲವು ವರ್ಷಗಳಿಂದ ಕಿವಿ ಮಂದವಾಗುತ್ತ ಬಂದಿತ್ತು. ಮನೆಯಲ್ಲಿ ಕೇಳಿದರೆ, "ಹೂ ಕಟ್ಲಿಕ್ಕೆ ಕಿವಿ ಎಂತಕ್ಕೆ?" ಎಂಬ ತಮಾಷೆ. ಎಲ್ಲರೂ ನಗುತ್ತಿದ್ದರು. ಏನು ಹೇಳಿ ನಕ್ಕರೆಂದು ಅವರಿಗೆ ಕೇಳುತ್ತಿರಲಿಲ್ಲ.

ಅವರ ಅಕ್ಕನ ಮಗಳು ದುಬೈಯಲ್ಲಿ ಊರಿನವರ ಮದುವೆ, ಸೀಮಂತಗಳಿಗೆ ಮಲ್ಲಿಗೆ ತರಿಸಿ ಕೊಡುತ್ತಿದ್ದಳು. ಆ ಹೂವಿನ ಹಣವನ್ನು ಗುಟ್ಟಿನ ನಾಣ್ಯದಲ್ಲಿ ಕಳಿಸಲು ಒಪ್ಪಿದವಳೂ, ಒಂದು ಹಳೆಯ ಫೋನ್ ಕಳಿಸಿಕೊಟ್ಟವಳೂ ಅವಳೇ. ರೂಪಾಯಿ ಬೇಕಾದಾಗ ಕಿಣಿ ಮೇಷ್ಟ್ರು ನಾಣ್ಯ ತೆಗೆದುಕೊಂಡು ನೋಟು ಕೊಡುವುದೆಂದು ಮಾತಾಯಿತು.

ಈ ನಾಣ್ಯಕ್ಕೆ ಬೀಗದಕೈ ಎಂದರೆ ಒಂದು ಸಾಲು ಇಂಗ್ಲಿಷ್ ಪದಗಳು. ಫೋನ್ ಕಳೆದರೂ ಪದಗಳು ನೆನಪಿದ್ದರೆ ಹಣ ಮತ್ತೆ ಸಿಗುತ್ತದೆ. ಪದ ಮರೆತರೆ ಬ್ರಹ್ಮನೂ ತೆರೆಯಲಾರ. ಆದ್ದರಿಂದ ಸುವರ್ಣರು ಒಂದು ಕ್ರಮ ಮಾಡಿದ್ದರು. ಮೊದಲು ಚಹಾದ ಬೆಲೆಯಷ್ಟು ಹಾಕುವುದು. ಆಮೇಲೆ ಫೋನಿನಿಂದ ಎಲ್ಲವನ್ನೂ ಅಳಿಸುವುದು. ಪದಗಳನ್ನು ನೆನಪಿನಿಂದ ಹಾಕಿ ಅದನ್ನು ವಾಪಸ್ ತಂದವರಿಗೆ ಮಾತ್ರ ಮುಂದಿನ ಪಾಠ.

ಜಲಜಕ್ಕನಿಗೆ ಇಂಗ್ಲಿಷ್ ಓದಲು ಬಾರದು. ಸುವರ್ಣರೇ ಓದಿ ಅರ್ಥ ಹೇಳಬೇಕು. ಮೆಲ್ಲಗೆ ಹೇಳಿದರೆ ಅವರಿಗೆ ಕೇಳದು. ಹಾಗಾಗಿ ಗುಟ್ಟಿನ ಪದಗಳನ್ನು ಸುವರ್ಣರು ಬೊಬ್ಬೆ ಹಾಕಿ ಹೇಳತೊಡಗಿದರು.

"ಇದು ಯಾರಿಗೂ ಹೇಳ್ಬಾರ್ದು ಜಲಜಕ್ಕ!"

"ಆಂ?"

"ಯಾರಿಗೂ! ಹೇಳ್ಬಾರ್ದು!"

"ಹೇಳುವುದಿಲ್ಲ, ಹೇಳುವುದಿಲ್ಲ!" ಜಲಜಕ್ಕನದೂ ದೊಡ್ಡ ಸ್ವರ. ಎದುರು ಮನೆಯವರು ಗೇಟಿಗೆ ಬಂದು ನಿಂತರು.

ಜಲಜಕ್ಕ ಪ್ರತಿ ಪದದ ಅರ್ಥವನ್ನು ತುಳುವಿನಲ್ಲಿ ಹಿಡಿದುಕೊಂಡು, ಹೂ ಕಟ್ಟುತ್ತ ಬಾಯಿಪಾಠ ಮಾಡಿದರು. ಪರೀಕ್ಷೆಯ ದಿನ ಅವರು ಅರ್ಥ ಹೇಳುವುದು, ಅದರಿಂದ ಹಿಂದಕ್ಕೆ ಹೋಗಿ ಇಂಗ್ಲಿಷ್ ಪದ ಹುಡುಕಿ ಸುವರ್ಣರು ಫೋನಿಗೆ ಹಾಕುವುದು. ಜಲಜಕ್ಕ ಎಲ್ಲವನ್ನೂ ಸರಾಗವಾಗಿ ಹೇಳಿದರು. ಫೋನ್ ಒಪ್ಪಲಿಲ್ಲ. ಮತ್ತೆ ಹೇಳಿದರು. ಮತ್ತೆ ಒಪ್ಪಲಿಲ್ಲ. ಕಿಣಿ ಮೇಷ್ಟ್ರು ಬಂದು ನೋಡಿದರು. ಮಧ್ಯಾಹ್ನದ ಊಟದ ಹೊತ್ತು ಮೀರಿತು. ಕೊನೆಗೆ ಸುವರ್ಣರು ಒಂದು ಪದಕ್ಕೆ ಬಂದು ನಿಂತರು.

"ಇಲ್ಲಿ ನಾನು 'ಗಾಡ್' ಅಂತ ಹಾಕಿದೆನಲ್ಲ, ಅದಕ್ಕೆ ನೀವು ಎಂತ ಹೇಳಿದ್ದು?"

"ದೈವ," ಎಂದರು ಜಲಜಕ್ಕ.

"ನಾನು ದೈವ ಅಂತ ಹೇಳಿದ್ದಾ?"

"ನೀವು ಭೂತ ಅಂತ ಹೇಳಿದ್ದು. ದೊಡ್ಡವರ ಹೆಸರು ಹಾಗೆ ಏಕವಚನದಲ್ಲಿ ಹೇಳ್ಲಿಕ್ಕೆ ಆಗ್ತದಾ ಮ್ಯಾನೇಜರ್ರೆ? ನಾನು ದೈವ ಅಂತ ಮಾಡಿಕೊಂಡೆ."

ಮೂಲ ಪದ 'ಘೋಸ್ಟ್' ಆಗಿತ್ತು. ಭೂತವನ್ನು ನಂಬಿ ಪೂಜಿಸುವ ಊರಿನಲ್ಲಿ ಅದು ಗೌರವದಿಂದ ದೈವವಾಗಿ, ದೈವ ಇಂಗ್ಲಿಷಿಗೆ ಮರಳುವಾಗ ದೇವರಾಗಿಬಿಟ್ಟಿತ್ತು.

"ಇದು ನಮ್ಮ ಭೂತ ಅಲ್ಲ ಜಲಜಕ್ಕ! ಬರೀ ಘೋಸ್ಟ್!"

"ಬರೀ ಅಂತೆಲ್ಲ ಹೇಳ್ಬೇಡಿ," ಎಂದು ಜಲಜಕ್ಕ ತಪ್ಪಾಯಿತೆನ್ನುವಂತೆ ಕೆನ್ನೆ ಮುಟ್ಟಿಕೊಂಡರು. ಎದುರು ಮನೆಯವರೂ ಮುಟ್ಟಿಕೊಂಡರು.

ಆ ಪದವನ್ನು ನಾನಿಲ್ಲಿ ಬರೆಯಬಹುದು. ಅರ್ಧ ಅಂಬಲಪಾಡಿಗೆ ಕೇಳಿಹೋಗಿದ್ದ ಆ ಪದಗಳನ್ನು ಸುವರ್ಣರು ಅವತ್ತೇ ರದ್ದು ಮಾಡಿದರು. ಹೊಸ ಸಾಲು ತೆಗೆಸಿದಾಗ ತಾವು ನೋಡಲಿಲ್ಲ. ಜಲಜಕ್ಕ ಆ ಅಕ್ಷರಗಳನ್ನು ಚಿತ್ರ ಬಿಡಿಸುವಂತೆ ಒಂದೊಂದಾಗಿ ಕಾಗದಕ್ಕಿಳಿಸಿದರು, ಮನೆಯಲ್ಲಿ ಹೂ ಕಟ್ಟುವಾಗ ತೊಡೆಯ ಮೇಲೆ ಬೆರಳಾಡಿಸಿ ಕಲಿತರು, ಕಾಗದವನ್ನು ಬಚ್ಚಲ ಒಲೆಗೆ ಹಾಕಿದರು. ಒಂದು ಮಳೆಗಾಲವೇ ಹಿಡಿಯಿತು. ಆದರೆ ಎರಡನೇ ಪರೀಕ್ಷೆಯಲ್ಲಿ ಫೋನ್ ಮೊದಲ ಸಲಕ್ಕೇ ತೆರೆಯಿತು. ಹೂವಿನ ಹಣ ಅಲ್ಲಿಗೆ ಸೇರತೊಡಗಿತು.

ಸುವರ್ಣರು ತೀರಿಕೊಂಡದ್ದು ಮರುವರ್ಷ, ಮಳೆಗಾಲ ಮುಗಿದು, ಸಂಜೆಯ ಗುಡುಗು ಸಿಡಿಲು ಸುರುವಾದ ದಿನಗಳಲ್ಲಿ. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಆ ವಾರದಲ್ಲೇ ನಮ್ಮ ಕಚೇರಿಗೆ ಮತ್ತೆ ಫೋನ್ ಬಂತು. ಈ ಸಲ ಒಂದಲ್ಲ, ಹಲವು. "ಮ್ಯಾನೇಜರ್ ಸತ್ತರು, ಹೆಂಗಸರ ಹಣವೆಲ್ಲ ಮುಳುಗಿತು." ಫೋನಿನಲ್ಲಿ ಹಣ ಕಾಣುತ್ತಿಲ್ಲ ಎಂದು ಇಬ್ಬರು ಅಳುತ್ತಲೇ ಹೇಳಿದರು. ಸಂಪಾದಕರು ನನ್ನನ್ನು ನೋಡಿದರು. ಹಿಂದೆ ಬರೆಯದೆ ಬಿಟ್ಟವನು ನಾನೇ ಅಲ್ಲವೇ?

ಮೊದಲು ಜಲಜಕ್ಕನ ಮನೆಗೆ ಹೋದೆ. ಅಂಗಳದಲ್ಲಿ ಹೂ ಕಟ್ಟುತ್ತಿದ್ದರು. ಮಿಷನಿಗೆ ಬೇಕಾದಷ್ಟು ಹಣ ಆಗಲು ಸ್ವಲ್ಪವೇ ಬಾಕಿ ಇತ್ತೆಂದು ನನಗೆ ಗೊತ್ತಿತ್ತು. ಫೋನ್ ತೆಗೆದು ತೋರಿಸಿದರು. ಒಂದು ಚಕ್ರ ಸುಮ್ಮನೆ ತಿರುಗುತ್ತಿತ್ತು.

"ಹೋಯ್ತಾ?" ಎಂದು ನನ್ನ ತುಟಿಯನ್ನೇ ನೋಡುತ್ತ ಕೇಳಿದರು.

ನನಗೆ ತಿಳಿಯದು ಎಂದು ಸನ್ನೆ ಮಾಡಿ ಕಿಣಿ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಆಗಲೇ ಅಂಬಲಪಾಡಿಯಲ್ಲಿದ್ದರು. ಸಿಡಿಲು ಬಂದಾಗ ಮನೆಯ ಪ್ಲಗ್‌ಗಳನ್ನೆಲ್ಲ ತೆಗೆಯುವುದು ನಮ್ಮ ಕಡೆಯ ರೂಢಿ. ಶಾರದಕ್ಕ ಟಿವಿ, ಫ್ರಿಜ್ಜಿನ ಜೊತೆ ಕಿಟಕಿಯ ಪೆಟ್ಟಿಗೆಯದನ್ನೂ ತೆಗೆದಿದ್ದರು. ಸಾವಿನ ಮನೆಯ ಗಲಾಟೆಯಲ್ಲಿ ಯಾರೂ ಅದನ್ನು ಮತ್ತೆ ಹಾಕಿರಲಿಲ್ಲ. ಎಲ್ಲರ ಫೋನುಗಳೂ ಲೆಕ್ಕ ನೋಡುತ್ತಿದ್ದದ್ದು ಆ ಪೆಟ್ಟಿಗೆಯಿಂದ.

"ಈ ಪೆಟ್ಟಿಗೆ ಇಲ್ಲದಿದ್ರೂ ಎಂತ ಇಲ್ಲ. ಬೇರೆ ಯಾವುದಕ್ಕೂ ಜೋಡಿಸ್ಬಹುದು," ಎಂದ ಮೇಷ್ಟ್ರು ಫೋನಿನಲ್ಲಿ ಏನು ಒತ್ತಬೇಕೆಂದು ಹೇಳುತ್ತ ಹೋದರು. ನಾನು ಜಲಜಕ್ಕನಿಗೆ ತೋರಿಸುತ್ತ ಹೋದೆ. ಅವಸರದಲ್ಲಿ ನನ್ನ ಬೆರಳು ಎಲ್ಲೋ ತಾಗಿ ಇಡೀ ಖಾತೆಯೇ ಅಳಿಸಿಹೋಯಿತು. ಪರದೆಯ ಮೇಲೆ ಪದಗಳನ್ನು ಕೇಳುವ ಖಾಲಿ ಜಾಗ ಬಂತು.

ನನ್ನ ಮುಖ ನೋಡಿ ಜಲಜಕ್ಕನಿಗೆ ಅರ್ಥವಾಗಿರಬೇಕು. ಫೋನ್ ಕಸಿದುಕೊಂಡು ಹಿತ್ತಿಲಿಗೆ ಹೋದರು. ಮಲ್ಲಿಗೆ ಗಿಡಗಳ ನಡುವೆ ಅವರ ತಲೆ ಮಾತ್ರ ಕಾಣುತ್ತಿತ್ತು. ಒಳಗಿನಿಂದ ಅವರ ಗಂಡ ಬಂದು, "ಎಂತ ಸುದ್ದಿ ಪೇಪರಿನವರೇ?" ಎಂದು ಕೇಳಿದರು. ಹೂವಿನ ರೇಟಿನ ಬಗ್ಗೆ ಬರೆಯಲು ಬಂದೆ ಎಂದೆ. ಅದು ಪೂರ್ತಿ ಸುಳ್ಳಾಗದಿರಲೆಂದು ರೇಟೂ ಕೇಳಿದೆ. ಅವರಿಗೆ ಗೊತ್ತಿರಲಿಲ್ಲ.

ಜಲಜಕ್ಕ ತುಂಬ ಹೊತ್ತಿನ ನಂತರ ವಾಪಸ್ ಬಂದರು. ಫೋನ್ ಸೀರೆಯ ಮಡಿಕೆಯೊಳಗಿತ್ತು. ಗಂಡನ ಮುಖ ನೋಡಲಿಲ್ಲ, ನನ್ನದನ್ನು ನೋಡಿ ಒಂದೇ ಮಾತು ಹೇಳಿದರು.

"ಉಂಟು."

ಉಳಿದವರದೂ ಇತ್ತು. ಯಾರದೂ ಒಂದು ಪೈಸೆ ಹೋಗಿರಲಿಲ್ಲ. ಸುವರ್ಣರ ಬಳಿ ಯಾರದೂ ಇರಲಿಲ್ಲವಾದ್ದರಿಂದ ಅವರೊಂದಿಗೆ ಹೋಗಲು ಏನೂ ಇರಲಿಲ್ಲ. ಹಣ ಸುರಕ್ಷಿತವಾಗಿದೆ ಎಂಬುದು ಸುದ್ದಿಯಲ್ಲ ಎಂದು ಸಂಪಾದಕರು ಹೇಳಿದರು. ಅದು ಸರಿಯೂ ಹೌದು.

ಸುವರ್ಣರ ಸ್ವಂತದ ಪದಗಳು ಯಾವುವೆಂದು ಮಾತ್ರ ಯಾರಿಗೂ ತಿಳಿಯದು. ಶಾರದಕ್ಕನನ್ನು ಕೇಳಿದೆ. "ನನಗೆ ಹೇಳಿಲ್ಲ," ಎಂದರು. "ನನ್ನದು ಅವರಿಗೂ ಗೊತ್ತಿರ್ಲಿಲ್ಲ."

ಕ್ರಿಸ್‌ಮಸ್ ಕಳೆದು ಕೆಲವು ದಿನಗಳ ನಂತರ ಜಲಜಕ್ಕ ಉಡುಪಿಯಲ್ಲಿ ಮಿಷನ್ ಹಾಕಿಸಿಕೊಂಡು ನೇರ ಅಂಬಲಪಾಡಿಗೆ ಬಂದರು. ನಾನೂ ಅಲ್ಲಿದ್ದೆ. ಬಸ್ಸಿನ ಹಾರ್ನು ಇಷ್ಟು ಕೆಟ್ಟದಾಗಿ ಕೇಳುತ್ತದೆಂದು ತನಗೆ ಮರೆತೇಹೋಗಿತ್ತು ಎಂದರು. ಚಹಾ ಕುಡಿದರು. ಚಹಾದ ಲೋಟ ಕೆಳಗಿಡುವ ಸದ್ದಿಗೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ಶಾರದಕ್ಕನನ್ನು ಕೇಳಿದರು.

"ಮ್ಯಾನೇಜರ್ರು ನನ್ನತ್ರ ಬೊಬ್ಬೆ ಹಾಕಿದ್ದು ಮಾತ್ರ ನಾನು ಕೇಳಿದ್ದಲ್ವಾ? ಅವರ ಸಾದಾ ಸ್ವರ ಹೇಗಿತ್ತು?"

ಶಾರದಕ್ಕ ಖಾಲಿ ಲೋಟಗಳನ್ನು ಒಂದರೊಳಗೊಂದು ಇಡುತ್ತಿದ್ದರು.

"ಎಂತ ಹೇಳುವುದು ಜಲಜ," ಎಂದರು. "ಅರ್ಧ ನನಗೇ ಕೇಳ್ತಿರ್ಲಿಲ್ಲ."