ಬಣ್ಣದ ತಾತನ ಮೂಗು

"ಅಮ್ಮಾ, ಬಣ್ಣದ ತಾತನಿಗೆ ಮೂಗು ಇರೋದು ಬರೀ ಚೆಂದಕ್ಕಾ?"

ಐದು ವರ್ಷದ ಮಗಳು ಹೀಗೆ ಕೇಳಿದ್ದು ಅಡುಗೆಮನೆಯ ಬಾಗಿಲಲ್ಲಿ, ಫ್ರಾಕಿನ ಅಂಚಿನಿಂದ ತನ್ನ ಮೂಗು ಮುಚ್ಚಿಕೊಂಡು. ಅಮ್ಮ ಒಳಕೋಣೆಯಿಂದ ಚಿಕ್ಕ ಕೂಸನ್ನು ಎತ್ತಿಕೊಂಡು ಓಡಿ ಬಂದಳು. ಒಲೆಯ ಮೇಲೆ ಹಾಲು ಉಕ್ಕಿ, ಬತ್ತಿ, ಸೀದು, ಪಾತ್ರೆಯ ತಳ ಕಾದ ಹಂಚಾಗಿತ್ತು. ಮನೆಗೆ ಬಣ್ಣ ಹೊಡೆಯಲು ಬಂದಿದ್ದ ತಾತ ಒಲೆಗೆ ಬೆನ್ನು ಹಾಕಿ, ಏಣಿಯ ಮೇಲೆ ಶಿಳ್ಳೆ ಹಾಕುತ್ತಾ, ಗೋಡೆಗೆ ಬಣ್ಣ ಬಳಿಯುತ್ತಾ ಹಾಯಾಗಿದ್ದರು.

"ವಾಸನೆ ಬಂದ ಕೂಡಲೇ ಆರಿಸಿ ಅಂದಿದ್ದೆ, ಹೂಂ ಅಂದ್ರಲ್ಲ!"

ತಾತ ತಿರುಗಿ ನೋಡಿ, ನಾಲಿಗೆ ಕಚ್ಚಿಕೊಂಡು ಇಳಿದು ಒಲೆ ಆರಿಸಿದರು.

ಬಣ್ಣ ಕೊಳ್ಳುವ ದಿನ ಅಂಗಡಿಯಲ್ಲಿ ಇದೇ ತಾತ ಅಮ್ಮನನ್ನು ಎಷ್ಟು ಆಡಿಕೊಂಡಿದ್ದರು! ಕಂಕುಳಲ್ಲಿ ಕೂಸು, ಕೈಯಲ್ಲಿ ಡಬ್ಬಿ. ಅವಳು ಒಂದೊಂದರ ಬೆನ್ನಿನ ಸಣ್ಣಕ್ಷರವನ್ನೂ ಬಿಡದೆ ಓದುತ್ತಿದ್ದಳು. "ಬಣ್ಣ ಕೊಳ್ತಿದ್ದೀರೋ ತಾಯಿ, ಗೋಡೆಗೆ ಗಂಡು ನೋಡ್ತಿದ್ದೀರೋ?" ಎಂದಿದ್ದರು. ಅವಳು ಜಗ್ಗಲಿಲ್ಲ. ನೀರಲ್ಲಿ ಕಲಸುವ, ಕೆಟ್ಟ ಆವಿ ಆದಷ್ಟು ಕಡಿಮೆ ಬಿಡುವ ಬಣ್ಣವೇ ಆಗಬೇಕು. ಸುಗಂಧ ಬೆರೆಸಿದ್ದೂ ಬೇಡ, ಘಮ ಘಮ ಎಂದ ಮಾತ್ರಕ್ಕೆ ಒಳ್ಳೆಯದೇನಲ್ಲ. "ಕೂಸು ಗೋಡೆಗೆ ಅಂಟಿಕೊಂಡೇ ಮಲಗುತ್ತೆ" ಎಂದಾಗ ತಾತನ ನಗು ತಟ್ಟನೆ ನಿಂತಿತ್ತು.

"ನನ್ನ ಮಗಳದ್ದೂ ಇದೇ ರಾಗ" ಎಂದರು. ಮೊಮ್ಮಗನಿಗೆ ಉಬ್ಬಸ. ಹಿಂದಿನ ಸಲ ತಾತನ ಮನೆಗೆ ಬಂದಾಗ ಮಗು ಕೆಮ್ಮಿ ಕೆಮ್ಮಿ ಸುಸ್ತಾಗಿತ್ತು. ಮನೆ ತುಂಬ ಬಣ್ಣ ತೆಳು ಮಾಡೋ ಥಿನ್ನರ್ ನಾತ, ಅದು ಹೋಗೋವರೆಗೂ ಮೊಮ್ಮಗನ ಮುಖ ಫೋನಲ್ಲೇ ನೋಡ್ಕೋ ಅಂತ ಮಗಳು ಕಡ್ಡಿ ಮುರಿದ ಹಾಗೆ ಹೇಳಿ ಹೋಗಿದ್ದಳು.

ಈಗ ತಾತ ಸ್ಟೂಲ್ ಎಳೆದುಕೊಂಡು ಕೂತರು. "ಯಾರಿಗೂ ಹೇಳ್ಬೇಡಿ ತಾಯಿ. ಥಿನ್ನರ್ ವಾಸನೆ ಕುಡಿದೂ ಕುಡಿದೂ ಈ ಮೂಗು ರಾಜೀನಾಮೆ ಕೊಟ್ಟು ಎಷ್ಟೋ ವರ್ಷ ಆಯ್ತು. ನಮ್ಮನೆಯವಳಿಗೆ ಮಾತ್ರ ಖುಷಿ. ಅಡುಗೆ ಸೀದ್ರೂ ಉಣ್ಣೋ ಗಂಡ ಎಲ್ಲರಿಗೂ ಸಿಗ್ತಾನಾ ಅಂತಾಳೆ."

"ಮತ್ತೆ ಹೂಂ ಅಂದದ್ದು?"

"ಕಣ್ಣಲ್ಲೇ ನೋಡ್ಕೋತೀನಿ ಅಂದ್ಕೊಂಡೆ. ಗೋಡೆ ಮೂಲೆಗೆ ಬ್ರಷ್ ಹಚ್ಚಿದೆ, ಹಾಲು ಮರೆತೆ."

ಅಷ್ಟರಲ್ಲಿ ಪುಟ್ಟ ಮಗಳು ಟಾರ್ಚ್ ತಂದು ತಾತನ ಮೂಗಿನೊಳಗೆ ಬೆಳಕು ಬಿಟ್ಟಳು. "ಕೂದಲು ಮಾತ್ರ ಇದೆ ಅಮ್ಮಾ, ವಾಸನೆ ಒಂದೂ ಕಾಣ್ಸಲ್ಲ!"

ಸಿಟ್ಟು ಮಾಡಬೇಕೆಂದಿದ್ದ ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಪಾತ್ರೆಗೆ ನೀರು ತುಂಬಿ ನೆನೆಯಲು ಇಟ್ಟಳು. ತಾತ ಮಾತ್ರ ಎದ್ದು ಹೋಗಲಿಲ್ಲ. ಕೈಗೆ ಅಂಟಿದ್ದ ಬಣ್ಣವನ್ನು ಉಗುರಿನಿಂದ ಕೆರೆಯುತ್ತಾ ಕೂತರು.

"ಥಿನ್ನರ್, ಹಳೇ ಡಬ್ಬಿ, ಬ್ರಷ್ಷು ಎಲ್ಲಾ ನಮ್ಮನೆಯಿಂದ ಆಚೆ ಸಾಗಿಸಿದ್ದೀನಿ. ಮುಂದಿನ ಕೋಣೆಗೆ ನೀವು ಆರಿಸಿದಂಥ ಬಣ್ಣಾನೇ ಕೊಂಡು ಹೊಡೆದು, ಕಿಟಕಿ ಹಗಲೂ ರಾತ್ರಿ ತೆಗೆದಿಟ್ಟಿದ್ದೀನಿ. ವಾಸನೆ ಹೋಯ್ತು ಅಂತಾಳೆ ನಮ್ಮನೆಯವಳು. ಅವಳ ಮಾತು ನಂಬೋದು ಹೇಗೆ? ನನ್ನ ಜೊತೆ ಇಷ್ಟು ವರ್ಷ ಬಾಳಿದ ಮೂಗು ಅದು! ಸುಮ್ನೆ ಕರೆಸಿ, ಮಗು ಮತ್ತೆ ಕೆಮ್ಮಿದ್ರೆ ಮಗಳು ಇನ್ನು ಈ ಕಡೆ ತಲೆ ಹಾಕಲ್ಲ."

ತಾತ ಸ್ಟೂಲನ್ನು ಅಮ್ಮನ ಕಡೆಗೆ ಇನ್ನಷ್ಟು ಎಳೆದುಕೊಂಡರು.

"ತಾಯಿ, ಸಂಜೆ ಒಂದು ಗಳಿಗೆ ನಮ್ಮನೆಗೆ ಬಂದು ಮೂಲೆ ಮೂಲೆ ಮೂಸಿ ನೋಡ್ತೀರಾ? ನಾತ ಇದ್ರೆ ಮುಲಾಜಿಲ್ಲದೆ ಇದೆ ಅಂದ್ಬಿಡಿ. ನೀವು ನಾತ ಇಲ್ಲ ಅಂದ್ರೆ, ಅಲ್ಲೇ ನಿಂತು ಮಗಳಿಗೆ ಫೋನ್ ಮಾಡ್ತೀನಿ."