ಮೇಲೆ ನಿಂತವನ ಕೆಲಸ

ನಮ್ಮಪ್ಪ ಚರಂಡಿ ಗ್ಯಾಂಗಿನಲ್ಲಿ ಇಳಿಯುವವನಲ್ಲ, ಮೇಲೆ ನಿಲ್ಲುವವನು. ಸರಳಿನಿಂದ ಮುಚ್ಚಳ ಎತ್ತಿ ಇಬ್ಬರು ಗುಂಡಿಯೊಳಗೆ ಇಳಿದರೆಂದರೆ, ಅವರ ಹಗ್ಗ ಹಿಡಿದುಕೊಂಡು ರಸ್ತೆಯನ್ನು ಸಂಭಾಳಿಸುವುದು ಅವನ ಪಾಲಿನ ಕೆಲಸ. ವಾಸನೆ ಎಂದು ಅಂಗಡಿಯವರು ಬೈಯುತ್ತಾರೆ, ದಾರಿ ಬಿಡಿ ಎಂದು ಕಾರಿನವರು ಹಾರ್ನ್ ಹೊಡೆಯುತ್ತಾರೆ. ಯಾರು ಬಂದರೂ ಅಪ್ಪನದು ಒಂದೇ ಪಾಠ: "ತಪ್ಪಾಯ್ತು ಸಾರ್, ಈಗ ಮುಗೀತು ಸಾರ್." ಹಿಂದೆ ಬೇರೆ ಗ್ಯಾಂಗಿನಲ್ಲಿ ಹೀಗೆ ಮೇಲೆ ನಿಂತವನೊಬ್ಬ ಜಗಳಕ್ಕೆ ಬಿದ್ದು, ಹಗ್ಗ ಬಿಟ್ಟು ಕೈ ಕೈ ಮಿಲಾಯಿಸುವಷ್ಟರಲ್ಲಿ ಒಳಗಿದ್ದವನು ಉಸಿರುಕಟ್ಟಿ ಸತ್ತ. ಕೆಳಗೆ ಜನ ಇರುವಾಗ ಮೇಲೆ ಜಗಳ ಕೂಡದು ಎನ್ನುವುದು ಅಂದಿನಿಂದ ಅಪ್ಪನ ಮನಸ್ಸಿನಲ್ಲಿ ಅಚ್ಚೊತ್ತಿಬಿಟ್ಟಿತು. ಅವನ ನಾಲಿಗೆ ಒಳ್ಳೆಯದೆಂದು ಗ್ಯಾಂಗಿನವರು ಅವನನ್ನು ಬೇರೆ ಕೆಲಸಕ್ಕೆ ಬಿಡುವುದೇ ಇಲ್ಲ. ನನಗಂತೂ ಆ ನಾಲಿಗೆಯ ಮೇಲೆ ಮೊದಲಿನಿಂದಲೂ ಸಿಟ್ಟು.

ತಂಗಿ ಅವನಿಗೆ ತದ್ವಿರುದ್ಧ. ಒಂದು ಮಾತಿಗೆ ನಾಲ್ಕು ಉತ್ತರ. ಮನೆಯಲ್ಲಿ ಅವಳಿಗೆ ಲಾಯರಮ್ಮ ಎಂದೇ ಹೆಸರು. ನಾನು ಹೊಲಿಗೆ ಮಿಷನ್ನಿಗೆ ಕೂತೆ, ಅವಳು ಓದಿ ಯೂನಿವರ್ಸಿಟಿಗೆ ಹೋದಳು, ರಸಾಯನಶಾಸ್ತ್ರಕ್ಕೆ. ಎಲ್ಲ ಚೆನ್ನಾಗಿಯೇ ಇತ್ತು. ಒಂದು ದಿನ ಯೂನಿವರ್ಸಿಟಿ ಗೇಟಿನ ಎದುರಿನ ಮ್ಯಾನ್‌ಹೋಲ್ ಕಟ್ಟಿಕೊಂಡಿತೆಂದು ಅಪ್ಪನ ಗ್ಯಾಂಗು ಬಂತು. ಇವಳು ಗೆಳತಿಯರ ನಡುವಿನಿಂದಲೇ "ಅಪ್ಪಾ" ಎಂದು ಕೂಗಿ ಓಡಿಹೋಗಿ ತನ್ನ ಊಟದ ಡಬ್ಬಿ ಅವನಿಗೆ ಕೊಟ್ಟಳು.

ಮಾರನೆಯ ದಿನದಿಂದ ಅವಳು ಲ್ಯಾಬಿಗೆ ಕಾಲಿಟ್ಟರೆ ಸಾಕು, ಜೊತೆಯಲ್ಲಿ ಓದುವವರು ಕಿಟಕಿಗಳನ್ನು ತೆರೆಯತೊಡಗಿದರು. ಅವಳ ಸ್ಟೂಲಿಗೆ ಸೆಂಟು ಹೊಡೆದರು. ಒಮ್ಮೆ ಎಲ್ಲರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅವಳ ಹಿಂದೆ ಸಾಲಾಗಿ ನಿಂತು ಫೋಟೊ ತೆಗೆದು, ಇಡೀ ವಿಭಾಗದ ಫೋನುಗಳಿಗೆ ಕಳಿಸಿದರು. ಅವಳ ಮೇಷ್ಟ್ರಿಗೆ ಹೇಳಿದರೆ ಅವರೂ ನಕ್ಕರಂತೆ. "ಆ ಸಿಂಕಿನ ಪಕ್ಕ ಕೂತ್ಕೊಳಮ್ಮ, ಯಾರಿಗೂ ತೊಂದ್ರೆ ಇರಲ್ಲ." ಅವಳ ಪ್ರಬಂಧಕ್ಕೆ ಸಹಿ ಹಾಕಬೇಕಾದ ಮನುಷ್ಯ ಅವರೇ.

ಮನೆಯಲ್ಲಿ ಅವಳು ಚರ್ಮ ಕೆಂಪಾಗುವ ತನಕ ಉಜ್ಜಿ ಉಜ್ಜಿ ಸ್ನಾನ ಮಾಡತೊಡಗಿದಳು. ಒಂದು ಸಂಜೆ ತೋಳನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಅಕ್ಕಾ, ನಿಜ ಹೇಳು, ವಾಸನೆ ಬರುತ್ತಾ?" ಎಂದು ಕೇಳಿದಳು. ಲಾಯರಮ್ಮ ಕೇಳುವ ಪ್ರಶ್ನೆಯೇ ಇದು? ನನಗೆ ಅಳು ಬಂತು.

ಕೊನೆಗೆ ಅವಳು ದೂರು ಕೊಟ್ಟಳು, ವಿಚಾರಣೆಗೆ ಸಮಿತಿ ಕೂತಿತು. ಗೆದ್ದರೆ ಬೇರೆ ಲ್ಯಾಬು, ಬೇರೆ ಮೇಷ್ಟ್ರು. ಸೋತರೆ ಮತ್ತೆ ಅದೇ ಸಿಂಕು, ಅದೇ ಮೇಷ್ಟ್ರು, ಈ ಸಲ ಅವರ ಹಗೆಯೂ ಸೇರಿ. ಮನೆಯವರೂ ಬರಬಹುದು ಎಂದಿದ್ದರು. "ನೀನು ಸುಮ್ನೆ ಕೂತಿರಪ್ಪ, ಮಾತೆಲ್ಲ ಅವಳಿಗೇ ಬಿಡು" ಎಂದು ಹೇಳಿಯೇ ಅಪ್ಪನನ್ನು ಕರೆದುಕೊಂಡು ಹೋದೆ.

ಎಷ್ಟು ಚೆನ್ನಾಗಿ ಮಾತಾಡಿದಳು ನನ್ನ ತಂಗಿ! ಒಂದು ಹನಿ ಕಣ್ಣೀರಿಲ್ಲ. ಫೋಟೊ ತೋರಿಸಿದಳು, ಸಿಂಕಿನ ಮಾತು ಹೇಳಿದಳು. ಸಮಿತಿಯ ಹಿರಿಯ ಮೇಡಂ ಕನ್ನಡಕ ತೆಗೆದು, "ಇದು ಸಣ್ಣ ವಿಷಯ ಅಲ್ಲ" ಎಂದರು. ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಎದುರಿಗೆ ಕೂತಿದ್ದ ಮೇಷ್ಟ್ರು ಮೇಜು ಗುದ್ದಿ ದನಿ ಏರಿಸಿದರು. ಇವಳು ಬಿಡುತ್ತಾಳೆಯೇ? ಇವಳೂ ಏರಿಸಿದಳು. ಕೋಣೆ ತುಂಬ ಕೂಗಾಟ. ಅಪ್ಪ ಎದ್ದು ನಿಂತುಬಿಟ್ಟ.

"ತಪ್ಪಾಯ್ತು ಸಾರ್," ಎಂದ, ಎರಡೂ ಕೈ ಜೋಡಿಸಿ. "ನಮ್ಮ ಹುಡುಗೀದೇ ತಪ್ಪು. ಬಾಯಿ ಜೋರು ಅವಳಿಗೆ. ದೊಡ್ಡ ಮನಸ್ಸು ಮಾಡಿ ಇಲ್ಲಿಗೇ ಬಿಟ್ಬಿಡಿ ಸಾರ್."

"ಅಪ್ಪಾ!" ಎಂದು ನಾನು ಅಂಗಿ ಹಿಡಿದು ಜಗ್ಗಿದೆ. ಅವನು ಕೂರಲಿಲ್ಲ.

ಸಮಿತಿಯವರ ಮುಖಗಳು ಒಂದೊಂದಾಗಿ ಹಗುರಾದುದನ್ನು ನಾನು ಕಣ್ಣಾರೆ ಕಂಡೆ. "ತಂದೆಯವ್ರೇ ಹೀಗೆ ಹೇಳೋವಾಗ ಇನ್ನು ಎಳೆಯೋದು ಬೇಡ" ಎಂದರು ಮೇಡಂ, ಕನ್ನಡಕ ಹಾಕಿಕೊಳ್ಳುತ್ತ. ಮೇಷ್ಟ್ರು ದೂರದಿಂದಲೇ ಅಪ್ಪನಿಗೆ ಕೈ ಮುಗಿದರು. "ನಾನು ಒಪ್ಪಿಲ್ಲ, ನಾನು ಒಪ್ಪಿಲ್ಲ" ಎಂದು ತಂಗಿ ಹೇಳುತ್ತಲೇ ಇದ್ದಳು. ಕುರ್ಚಿ ಎಳೆಯುವ ಸದ್ದಿನಲ್ಲಿ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೊರಗೆ ಬಂದು ಅಪ್ಪನ ಮೇಲೆ ಹರಿಹಾಯ್ದೆ. "ಯಾರು ಕೇಳಿದ್ರು ನಿನ್ನ? ಗೆದ್ದಿದ್ಲಲ್ಲ ಅವಳು!"

ಅಪ್ಪ ನನ್ನನ್ನು ತಿಳಿಗೇಡಿಯೆಂಬಂತೆ ನೋಡಿದ. "ಅವಳಿನ್ನೂ ಅವರ ಕೈಕೆಳಗೆ ಇದ್ದಾಳಲ್ಲಮ್ಮ. ಮಗಳನ್ನ ಒಳಗಿಟ್ಕೊಂಡು ಮೇಲೆ ಜಗಳ ಆಡೋಕಾಗುತ್ತಾ?" ಎಂದ. ಮಗಳ ಸೀಟು ಉಳಿಸಿದೆನೆಂಬ ಸಮಾಧಾನ ಅವನ ಮುಖದಲ್ಲಿತ್ತು.

ತಂಗಿ ಮಾರನೆಯ ದಿನ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿರುತ್ತಾಳೆ. ಅಪ್ಪನನ್ನು ಒಂದು ಮಾತು ಬೈದಿದ್ದರೂ ನನಗೆ ಧೈರ್ಯವಿರುತ್ತಿತ್ತು. ಊಟಕ್ಕೆ ಕರೆದರೂ ಹ್ಞೂಂ ಎನ್ನುವುದಿಲ್ಲ.

ಇವತ್ತು ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೋಗದೆ ನನ್ನ ಮಿಷನ್ನಿನ ಹತ್ತಿರ ಬಂದು ನಿಂತ.

"ಆ ಮೇಷ್ಟ್ರಿಗೆ ಇನ್ನೂ ಕೋಪ ಇಳಿದಿಲ್ಲ ಅಂತ ಕಾಣ್ಸುತ್ತೆ. ಅದಕ್ಕೇ ಇವಳು ಹೆದರ್ಕೊಂಡಿದ್ದಾಳೆ," ಎಂದ ಮೆಲ್ಲಗೆ. "ಅವತ್ತು ನಾನು ಬರೀ ಕೈ ಮುಗಿದೆ. ಇನ್ನೊಂದ್ಸಲ ಹೋಗಿ ಕಾಲಿಗೆ ಬಿದ್ದು ಬರ್ಲಾ?"

ಒಳಗೆ ಮಲಗಿದ್ದ ತಂಗಿಗೆ ಅದು ಕೇಳಿಸಿತು. ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಳು.